ಉಬ್ಬದ ತೌಡು

ಆ ಭಾನುವಾರ ಮಧ್ಯಾಹ್ನ ಇನ್ನೂ ಮುದ್ದೆ ಮುರಿದಿರಲಿಲ್ಲ, ಅಷ್ಟರಲ್ಲೇ ಜಗಳ ಹತ್ತಿಕೊಂಡಿತು. ಹತ್ತಿಸಿದವನು ನಟರಾಜು. ಕೊಳ್ಳೇಗಾಲದ ಗೊಬ್ಬರದಂಗಡಿಯಲ್ಲಿ ಕೆಲಸ ಮಾಡುವ ಈ ಕಿರಿಮಗ ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದ. ಬಂದ ದಿನ ಅವನಿಗೆ ಬಡಿಸುವ ಸಾರೂ ಗಟ್ಟಿ, ಅವನಾಡುವ ಮಾತೂ ಗಟ್ಟಿ.

"ಅಪ್ಪ, ಆ ಮೀನ್ ಗುಂಡಿ ಮುಚ್ಚಿ ಕಬ್ಬು ಆಕುಮ. ಫ್ಯಾಕ್ಟ್ರಿಯೋರೇ ಬಿತ್ನೆ ಕೊಡ್ತಾರ, ಅವರೇ ಕಡ್ಕಂಡು ಓಯ್ತಾರ. ನಮ್ದೇನು? ನೀರು ಕಟ್ಟದು, ದುಡ್ಡು ತಕಳದು."

ಗುರುಬಸಮ್ಮನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಹಿರಿಸೊಸೆ ಅವಳು, ಆ ಮನೆಗೆ ಬಂದು ಹದಿನಾಲ್ಕು ವರ್ಷ. ಗಂಡ ಶಿವನಂಜಯ್ಯನ ಮುಖ ನೋಡಿದಳು. ಮಾತಾಡಬೇಕಾದವನು ಅವನು. ಊರ ತುಂಬ ಬಾಯಿ ಮಾಡಿಕೊಂಡು ತಿರುಗುವ ಗಂಡಸು, ತಮ್ಮನ ಮುಂದೆ ಮಾತ್ರ ಉಪ್ಪಿನಕಾಯಿ ನೆಕ್ಕುತ್ತ ಕೂರುತ್ತಿದ್ದ.

"ಈ ವರ್ಸ ಮರಿ ಚೆನ್ನಾಗವೆ ಕಣ್ಲಾ," ಅಂದ ಕೊನೆಗೆ.

"ಓದ್ ವರ್ಸವೂ ಚೆನ್ನಾಗಿದ್ವು. ಉಳಿದದ್ದೇನು ಯೋಳಣ್ಣ?"

ಅದಕ್ಕೆ ಉತ್ತರ ಕೊಟ್ಟವರು ಯಜಮಾನರು, ಪುಟ್ಟಸಿದ್ದಯ್ಯ. "ಉಳಿದದ್ದು ಚೀಲ. ಇಂಡಿ ಚೀಲ. ಖಾಲಿದು."

ನಟರಾಜು ನಕ್ಕ. ಗುರುಬಸಮ್ಮನಿಗೆ ಮೈಯೆಲ್ಲ ಉರಿಯಿತು. ಪುಟ್ಟಸಿದ್ದಯ್ಯ ಮುದ್ದೆ ನುಂಗಿ, ನೀರು ಕುಡಿದು, ತೀರ್ಪು ಕೊಟ್ಟೇಬಿಟ್ಟರು.

"ಮರಿ ಮಾರಿದ ದುಡ್ಡೆಲ್ಲ ಕಡ್ಲೆಕಾಯ್ ಇಂಡಿಗೇ ಓಯ್ತದ. ಗಾಣದೋನು ಉದ್ಧಾರ ಆದ, ನಾವಾಗ್ನಿಲ್ಲ. ಆಯುಧಪೂಜೆ ಗಂಟ ನೋಡ್ತೀನಿ. ಈ ಸಲದ ಮರೀಲಿ ಇಂಡಿ ಖರ್ಚು ಕಳ್ದು ಕೈಗೇನಾರ ಬಂದ್ರೆ ಸರಿ. ಇಲ್ದಿದ್ರೆ ಟ್ರ್ಯಾಕ್ಟರ್ ಬತ್ತದ, ಗುಂಡಿ ಮುಚ್ತದ. ಆಮ್ಯಾಕೆ ಯಾರೂ ಕ್ಯಾತೆ ತೆಗೀಬಾರ್ದು."

ಯಾರೂ ಅಂದರೆ ಯಾರು ಅಂತ ಎಲ್ಲರಿಗೂ ಗೊತ್ತಿತ್ತು. ಗುರುಬಸಮ್ಮ ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋಗಿ, ಅದನ್ನು ಒಲೆಯ ಮೇಲೆ ಕುಕ್ಕಿದಳು.

ಆ ಮೂರು ಗುಂಡಿಗಳ ಸಂಗತಿ ಹೇಳದಿದ್ದರೆ ಅವಳ ಸಿಟ್ಟು ಯಾಕೆಂದು ತಿಳಿಯುವುದಿಲ್ಲ. ಯಳಂದೂರಿಗೆ ಎರಡು ಮೈಲಿ ಈಚೆ, ನಾಲೆಯ ಮಗ್ಗುಲಲ್ಲಿದ್ದ ಆ ಜಮೀನಿನಲ್ಲಿ ಮೊದಲು ಹಿಪ್ಪುನೇರಳೆ ಇತ್ತು. ಮನೆಯ ಹಿಂದಿನ ಉದ್ದನೆ ಹುಳಮನೆಯಲ್ಲಿ ರೇಷ್ಮೆಹುಳ ಮೇಯುತ್ತಿದ್ದವು. ಅದು ಅತ್ತೆ ಕೆಂಪಾಜಮ್ಮನ ರಾಜ್ಯ. ಸುತ್ತೂರಲ್ಲೆಲ್ಲ ಸುಣ್ಣಕಟ್ಟು ರೋಗ, ಸಪ್ಪೆ ರೋಗ ಬಂದು ತಟ್ಟೆತಟ್ಟೆ ಹುಳ ತಿಪ್ಪೆಗೆ ಹೋದರೂ ಕೆಂಪಾಜಮ್ಮನ ಹುಳ ಒಂದೂ ಸಾಯುತ್ತಿರಲಿಲ್ಲ. "ಏನ್ ಕೈಗುಣವಪ್ಪ ಆ ಯಮ್ಮಂದು!" ಅನ್ನುತ್ತಿದ್ದರು ಜನ. ತಮ್ಮ ಮನೆಯ ಮರಿಹುಳಕ್ಕೆ ಮೊದಲ ಸೊಪ್ಪು ಹಾಕಲು ಅವಳನ್ನು ಕರೆದುಕೊಂಡು ಹೋಗುತ್ತಿದ್ದರು. ಕೈಗುಣವೋ ಏನೋ, ಅದರ ಹಿಂದಿದ್ದದ್ದು ಬ್ಲೀಚಿಂಗ್ ಪುಡಿ. ತಟ್ಟೆ, ಬುಟ್ಟಿ, ನೆಲ, ಗೋಡೆ, ಕೊನೆಗೆ ಒಳಗೆ ಬರುವವರ ಅಂಗಾಲು, ಯಾವುದನ್ನೂ ಅವಳು ಬ್ಲೀಚಿಂಗ್ ನೀರು ಮುಟ್ಟಿಸದೆ ಬಿಡುತ್ತಿರಲಿಲ್ಲ.

ಆಮೇಲೆ ರೇಷ್ಮೆಗೂಡಿನ ರೇಟು ನೆಲ ಕಚ್ಚಿತು. ಊರವರೆಲ್ಲ ಹಿಪ್ಪುನೇರಳೆ ಕಿತ್ತರು, ಇವರೂ ಕಿತ್ತರು. ಶಿವನಂಜಯ್ಯ ಎಲ್ಲೋ ತರಬೇತಿಗೆ ಹೋಗಿ ಬಂದು ಹೊಸ ಹಾಡು ಹಾಡಿದ: ಕಣ್ಣರೆಪ್ಪೆಯಷ್ಟಿರುವ ಮೀನುಮರಿ ತರುವುದು, ಬೆರಳುದ್ದ ಮಾಡುವುದು, ಕೆರೆ ಗುತ್ತಿಗೆ ಹಿಡಿದವರಿಗೆ ಮಾರುವುದು. ಗುಂಡಿ ತೋಡಿಸಿದ್ದು ಅವನೇ. ತೋಡಿಸಿದ ಮೇಲೆ ಅವನ ಕೆಲಸ ಮುಗಿಯಿತು. ನೀರು ಬಿಡುವುದು, ಮೇವು ಕಲೆಸುವುದು, ಸೊಂಟದ ಮಟ್ಟ ನೀರಿಗಿಳಿದು ಬಲೆ ಎಳೆದು ಮರಿ ನೋಡುವುದು, ಎಲ್ಲ ಗುರುಬಸಮ್ಮನ ಪಾಲಿಗೆ ಬಂತು. ಬರಲಿ ಅಂದಳು ಅವಳು. ಹದಿನಾಲ್ಕು ವರ್ಷ ಆ ಮನೆಯಲ್ಲಿ ಸಾರಿಗೆ ಉಪ್ಪೆಷ್ಟು ಹಾಕಲಿ ಅಂತಲೂ ಕೇಳಿಯೇ ಹಾಕಿದವಳು. ಗುಂಡಿಯ ಹತ್ತಿರ ಮಾತ್ರ ಅವಳು ಯಾರನ್ನೂ ಕೇಳುತ್ತಿರಲಿಲ್ಲ. ಎಲ್ಲರೂ ಅವಳನ್ನು ಕೇಳುತ್ತಿದ್ದರು. ಆ ಒಂದು ಸುಖವನ್ನು ಕಬ್ಬಿನ ಕೆಳಗೆ ಹೂಳಲು ಅವಳಿಗೆ ಮನಸ್ಸಿರಲಿಲ್ಲ.

ತಮಾಷೆಯೆಂದರೆ ಅದು ಮೀನು ತಿನ್ನದ ಮನೆ. ಊರವರು ಆಡಿಕೊಂಡು ನಕ್ಕಿದ್ದರು. ಕೆಂಪಾಜಮ್ಮ ಒಪ್ಪುವಾಗ ಒಂದೇ ಕರಾರು ಹಾಕಿದ್ದಳು. "ಜೀವಂತ ಬರ್ಬೇಕು, ಜೀವಂತ ಓಗ್ಬೇಕು. ಗಬ್ಬು ವಾಸ್ನೆ ನನ್ ಒಸ್ಲು ದಾಟ್ಬಾರ್ದು." ದಾಟದ ಹಾಗೆ ನೋಡಿಕೊಳ್ಳುವ ಕೆಲಸವನ್ನು ತಾನೇ ಹೊತ್ತುಕೊಂಡಳು. ಮೀನಿನ ಮೇವಿನ ಬಾನಿಗಳನ್ನು ದಿನಾ ಬ್ಲೀಚಿಂಗ್ ನೀರಲ್ಲಿ ತಿಕ್ಕಿ, ಹುಳಮನೆಯ ತಟ್ಟೆ ಒಣಗಿಸಿದ ಹಾಗೆಯೇ ಬಿಸಿಲಿಗೆ ಬೋರಲು ಹಾಕುತ್ತಿದ್ದಳು. ಹುಳ ಹೋಗಿ ಕೈ ಖಾಲಿಯಾಗಿದ್ದ ಹೆಂಗಸಿಗೆ ಅದಾದರೂ ಇರಲಿ ಅಂತ ಗುರುಬಸಮ್ಮನೂ ಸುಮ್ಮನಿದ್ದಳು. ಒಂದು ಕೆಲಸ ಕಮ್ಮಿಯಾಯಿತಲ್ಲ ಅಂತ ಒಳಗೊಳಗೆ ಸಂತೋಷವೂ ಇತ್ತು.

ಆಷಾಢದ ಗಾಳಿಯಲ್ಲಿ ಒಂದು ದಿನ ಪುಡಿ ಮಾರುವ ಮಣಿಕಂಠ ಬಂದ. ಪಾಲಾರ್ ಕಡೆಯ ಹುಡುಗ, ಮಾತಿನ ಮಧ್ಯೆ ತಮಿಳು ಇಣುಕುತ್ತಿತ್ತು. ಟಿವಿಎಸ್ ಗಾಡಿಯ ಹಿಂದೆ ಕಟ್ಟಿದ್ದ ಚೀಲದಿಂದ ಬೆಳ್ಳಿ ಬಣ್ಣದ ಪೊಟ್ಟಣ ತೆಗೆದು ಜಗಲಿಯ ಮೇಲಿಟ್ಟ.

"ಅಕ್ಕಾ, ನಿಮ್ಮ ಮೀನು ತಿನ್ನೋದ್ರಲ್ಲಿ ಅರ್ಧ ಅರಗೋದೇ ಇಲ್ಲ. ಹಂಗೇ ನೀರಿಗೆ ಹೋಗುತ್ತೆ. ಅಂದ್ರೆ ಹಿಂಡಿ ದುಡ್ಡು ಅರ್ಧ ಕೆಸರು. ಇದು ಉಸಿರಿರೋ ಪುಡಿ. ಇದರೊಳಗೆ ಒಳ್ಳೆ ಕ್ರಿಮಿ ಇದೆ. ಮೀನಿನ ಹೊಟ್ಟೆಗೆ ಹೋಗಿ ಹಿಂಡೀನ ಅರಗಿಸಿ ಕೊಡುತ್ತೆ. ಆಂಧ್ರದಲ್ಲಿ ಸೀಗಡಿ ಸಾಕೋರು ಇದಿಲ್ದೆ ಮೇವೇ ಮುಟ್ಟಲ್ಲ, ಗೊತ್ತಾ, ತೆರಿಯುಮಾ?"

"ರೇಟೆಷ್ಟು?"

"ಕೇಜಿ ಮುನ್ನೂರೈವತ್ತು."

"ಅಯ್ಯಯ್ಯಪ್ಪ! ಅದಕ್ಕೊಂದು ಮೂಟೆ ಇಂಡಿನೇ ಬಂದ್ಬುಡ್ತದಲ್ಲಪ್ಪ, ಎಚ್ಚುಕಮ್ಮಿ."

"ಬರುತ್ತೆ. ಆದ್ರೆ ಇದನ್ನ ಹಾಕಿದ್ರೆ ಎರಡು ಮೂಟೆ ಮಿಗುತ್ತೆ. ಲೆಕ್ಕ ನೀವೇ ಹಾಕಿ."

ಲೆಕ್ಕ ಶಿವನಂಜಯ್ಯನ ಕಣ್ಣಲ್ಲಿ ಆಗಲೇ ಮಿನುಗುತ್ತಿತ್ತು. ಗುರುಬಸಮ್ಮನೂ ಮನಸ್ಸಿನಲ್ಲಿ ಕೂಡಿಸಿ ಕಳೆದಳು. ಆಯುಧಪೂಜೆಯೊಳಗೆ ಎರಡು ಮೂಟೆ ಮಿಕ್ಕರೆ ಮಾವನ ಬಾಯಿ ಮುಚ್ಚಿಸಬಹುದು. "ಎಂಗೆ ಆಕದು ಯೋಳಪ್ಪ," ಅಂದಳು.

"ತೌಡು, ಹಿಂಡಿ, ಬೆಲ್ಲದ ನೀರು. ಅದರ ಜೊತೆ ಪುಡಿ. ಸಂಜೆ ನೆನೆ ಹಾಕಿ ಬೆಳಿಗ್ಗೆ ನೋಡಿ. ದೋಸೆ ಹಿಟ್ಟಿನ ಹಂಗೆ ಉಬ್ಬಿರಬೇಕು, ಹುಳಿ ವಾಸನೆ ಬರಬೇಕು. ಉಬ್ಬಿದ್ರೆ ಕ್ರಿಮಿ ಬದುಕಿದೆ ಅಂತ."

ಕಂಬಕ್ಕೊರಗಿ ಅವರೆಕಾಯಿ ಸುಲಿಯುತ್ತಿದ್ದ ಕೆಂಪಾಜಮ್ಮ ಇಷ್ಟೊತ್ತೂ ಕೇಳಿಸಿಕೊಂಡಿದ್ದಳು. "ದುಡ್ಡು ಕೊಟ್ಟು ಕ್ರಿಮಿಯ ತಕತಾರ? ಮೂವತ್ ವರ್ಸ ಕ್ರಿಮಿ ಸಾಯ್ಸಿ ಅನ್ನ ತಿಂದಿವಿ ನಾವು. ಇವತ್ತು ಕ್ರಿಮಿಯ ಸಾಕು ಅಂತ ಬಂದವ್ನ ಇವ್ನು!"

"ಪಾಟಿ, ಇದು ಒಳ್ಳೆ ಕ್ರಿಮಿ ಅಜ್ಜಿ."

"ಕ್ರಿಮೀಲಿ ಒಳ್ಳೇದು ಯಾವ್ದು, ಕೆಟ್ಟದ್ಯಾವ್ದು! ಎದ್ದೋಗ್ಲಾ."

ಪುಟ್ಟಸಿದ್ದಯ್ಯನಿಗೆ ತಿಳಿಯದ ಹಾಗೆ ಒಂದಷ್ಟು ರಾಗಿ ಮಾರಿ ಶಿವನಂಜಯ್ಯ ಪುಡಿ ಕೊಂಡ. ಗುರುಬಸಮ್ಮ ಅದೇ ಸಂಜೆ ತೌಡು ನೆನೆ ಹಾಕಿದಳು. ಬೆಳಿಗ್ಗೆ ಎದ್ದವಳೇ ಮುಖವನ್ನೂ ತೊಳೆಯದೆ ಬಾನಿ ಹತ್ತಿರ ಓಡಿದಳು. ತೌಡು ನಿನ್ನೆ ಇದ್ದ ಹಾಗೇ ಇತ್ತು, ಕೆಸರಿನ ಮುದ್ದೆ. ಹುಳಿಯೂ ಇಲ್ಲ, ಉಬ್ಬೂ ಇಲ್ಲ. ನಾಳೆ ಆದೀತು ಅಂದುಕೊಂಡಳು. ನಾಳೆಯೂ ಆಗಲಿಲ್ಲ. ಮರಿಗಳು ತಿಂದಷ್ಟು ತಿಂದು, ಬಿಟ್ಟದ್ದು ನೀರ ಮೇಲೆ ಕೆನೆಗಟ್ಟಿತು. ಹಿಂಡಿ ಮೂಟೆ ಎಂದಿನಂತೆ ಇಳಿಯುತ್ತಲೇ ಇತ್ತು, ಮೇಲೆ ಪುಡಿಯ ಖರ್ಚು ಬೇರೆ.

ಮತ್ತೆ ಮಣಿಕಂಠ ಬಂದಾಗ ಶಿವನಂಜಯ್ಯ ಅವನ ಕೊರಳಪಟ್ಟಿಗೇ ಕೈ ಹಾಕುವವನಿದ್ದ. ಹುಡುಗ ಹೆದರಲಿಲ್ಲ. "ಡೋಸ್ ಕಮ್ಮಿ ಆಗಿದೆ ಅಣ್ಣಾ. ನಿಮ್ಮ ನೀರು ಗಡಸು. ಡಬಲ್ ಹಾಕಿ."

ಡಬಲ್ ಹಾಕಿದರು. ಡಬಲ್ ಹಾಕಿದ್ದಕ್ಕೆ ಬೆಲ್ಲವೂ ಹೆಚ್ಚು ಬಿತ್ತು. ಬೆಲ್ಲ ಹೆಚ್ಚಿದ್ದಕ್ಕೆ ನೊಣ ಮುತ್ತಿದವು. ನೊಣ ಕಂಡು ಕೆಂಪಾಜಮ್ಮ ಬಾನಿಗೆ ಹಾಕುವ ಬ್ಲೀಚಿಂಗನ್ನೂ ಡಬಲ್ ಮಾಡಿದಳು. "ನೋಡು, ನಾನಿಲ್ದಿದ್ರೆ ಈ ಮನೆ ಉಳ ಬಿದ್ದೋಗದು," ಅಂದಳು. ಸೊಸೆ ಸಂಜೆ ಪುಡಿ ಸುರಿಯುವುದು, ಅತ್ತೆ ಹಗಲು ಬಾನಿ ತಿಕ್ಕುವುದು, ಹೀಗೆ ನಡೆಯಿತು ಸಂಸಾರ. ಇಬ್ಬರಿಗೂ ಇನ್ನೊಬ್ಬರ ಕೆಲಸ ತನಗೆ ಅಡ್ಡ ಅಂತ ಹೊಳೆಯಲಿಲ್ಲ.

ರಾಗಿ ಕಮ್ಮಿಯಾದದ್ದು ಪುಟ್ಟಸಿದ್ದಯ್ಯನಿಗೆ ತಿಳಿದ ದಿನ ಮನೆ ಹಾರಿಹೋಗುವ ಹಾಗೆ ಕೂಗಾಡಿದರು.

"ತಿನ್ನೋ ರಾಗಿ ಮಾರಿ ಮೀನಿಗೆ ಔಸ್ತಿ ತಂದ್ಯಾ? ನಾನು ಕೆಮ್ಮಿ ಸಾಯ್ತಾವ್ನಿ, ನಂಗೊಂದು ಮಾತ್ರೆ ತಂದ್ಯೇನ್ಲಾ?"

"ಔಸ್ತಿ ಅಲ್ಲ ಕಣಪ್ಪ, ಇಂಡಿ ಮಿಗ್ಸೋ ಪುಡಿ."

"ಮಿಗ್ತಾ?"

ಶಿವನಂಜಯ್ಯ ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಗೆ ಹೋದ. ಒಳಗೆ ಒಲೆ ಊದುತ್ತಿದ್ದ ಗುರುಬಸಮ್ಮನಿಗೆ ಹೊಗೆಯ ನೆಪದಲ್ಲಿ ಕಣ್ಣೀರೇ ಬಂತು.

ಶ್ರಾವಣದ ಮೊದಲಲ್ಲಿ ಹನೂರಿನಿಂದ ಹೇಳಿಕಳಿಸಿದರು. ಅಲ್ಲಿಗೆ ಕೊಟ್ಟಿದ್ದ ಕೆಂಪಾಜಮ್ಮನ ಮಗಳು ಪುಷ್ಪಳಿಗೆ ಮೂರು ತಿಂಗಳ ಕೂಸು. ಅವಳ ಅತ್ತೆ ಜಾರಿ ಬಿದ್ದು ಸೊಂಟ ಹಿಡಿದು ಮಲಗಿದ್ದಾಳಂತೆ. ಕೆಂಪಾಜಮ್ಮ ಗಂಟು ಕಟ್ಟಿಕೊಂಡು ಹೊರಟಳು. ಬಸ್ಸು ಹತ್ತುವಾಗಲೂ ಅದೇ ಮಾತು. "ಬಸಮ್ಮೀ, ಬಾನಿಯ ಅಂಗೇ ಬುಟ್ಬುಟ್ಟೀಯ! ಬ್ಲೀಚಿಂಗು ಅಟ್ಟದ ಮ್ಯಾಲದೆ."

"ಆಯ್ತು ಕಣತ್ತೆ, ನೀವೋಗಿ."

ಆಯ್ತು ಅಂದಳೇ ಹೊರತು, ಅಡುಗೆ, ದನ, ಗುಂಡಿ ಎಲ್ಲ ಒಬ್ಬಳ ತಲೆಗೇ ಬಿದ್ದ ಮೇಲೆ ಅಟ್ಟ ಹತ್ತುವಷ್ಟು ಪುರಸೊತ್ತು ಯಾರಿಗಿತ್ತು? ಬಾನಿಯನ್ನು ನಾಲೆಯಲ್ಲಿ ಎರಡು ಸಲ ಅದ್ದಿ ತೆಗೆಯುತ್ತಿದ್ದಳು, ಅಷ್ಟೇ. ಪುಡಿಯೂ ಮುಗಿಯುತ್ತ ಬಂದಿತ್ತು. ಹೊಸದು ತರುವಂತಿಲ್ಲ. ಡಬಲ್ಲೂ ಇಲ್ಲ ಗಿಬಲ್ಲೂ ಇಲ್ಲ ಅಂತ, ಮೊದಲು ಹಾಕುತ್ತಿದ್ದದ್ದರಲ್ಲಿ ಅರ್ಧ ಹಾಕತೊಡಗಿದಳು.

ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಹೋಗಿ ನೋಡುತ್ತಾಳೆ, ತೌಡು ಬಾನಿಯ ಅಂಚು ದಾಟಿ ನೆಲಕ್ಕೆ ಸುರಿದಿದೆ! ಮೊದಲು ಗಾಬರಿಯಾಯಿತು, ನಾಯಿ ಬಾಯಿ ಹಾಕಿತೋ ಅಂತ. ಬಗ್ಗಿ ಮೂಸಿದಳು. ಹುಳಿ, ಒಳ್ಳೆ ಹಬ್ಬದ ದಿನದ ದೋಸೆ ಹಿಟ್ಟಿನ ಹುಳಿ. ಬೆರಳು ಅದ್ದಿದರೆ ಬುಸ್ಸೆಂದು ಗುಳ್ಳೆ. "ರೀ! ಬನ್ರಿ ಇಲ್ಲಿ! ಉಬ್ಬಿಬುಟ್ಟದ ಕಣ್ರೀ!" ಅಂತ ಕೂಗಿದ ಕೂಗಿಗೆ ಪಕ್ಕದ ಹೊಲದವರೂ ತಿರುಗಿ ನೋಡಿದರು.

ಅಲ್ಲಿಂದ ಮುಂದೆ ದಿನಾ ಉಬ್ಬಿತು. ಹಾಕಿದ ಮೇವನ್ನು ಮರಿಗಳು ಮುಗಿಬಿದ್ದು ತಿಂದು ಖಾಲಿ ಮಾಡಿದವು. ನೀರ ಮೇಲಿನ ಕೆನೆ ಹೋಯಿತು. ಹತ್ತು ದಿನಕ್ಕೆ ಮುಗಿಯುತ್ತಿದ್ದ ಹಿಂಡಿ ಮೂಟೆ ಹದಿನೈದಾದರೂ ತಳ ಕಾಣಲಿಲ್ಲ. ಬಲೆ ಎಳೆದಾಗ ಕೈಗೆ ಸಿಕ್ಕ ಕಾಟ್ಲಾ ಮರಿಗಳು ದುಂಡಗೆ ಜಾರಿ ಹೋಗುತ್ತಿದ್ದವು. ಗುರುಬಸಮ್ಮನ ನಡಿಗೆಯೇ ಬದಲಾಯಿತು. ಮಾವನಿಗೆ ಊಟಕ್ಕಿಡುವಾಗ, "ಇನ್ನೂ ಅದೇ ಮೂಟೆ ಕಣ್ ಮಾವ," ಅಂತ ಬೇಕೆಂತಲೇ ಹೇಳಿದಳು. ಪುಟ್ಟಸಿದ್ದಯ್ಯ "ಉಂ" ಅಂದರು. ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ಗೌರಿ ಹಬ್ಬದ ಹೊತ್ತಿಗೆ ಕೆಂಪಾಜಮ್ಮ ವಾಪಸ್ಸು ಬಂದಳು. ಗಂಟನ್ನೂ ಇಳಿಸಲಿಲ್ಲ, ಮೂಗಿಗೆ ಸೆರಗು ಹಿಡಿದುಕೊಂಡು ನಿಂತಳು. "ಅಯ್ಯೋ ನನ್ ಸಿವ್ನೇ! ಏನಿದು ಉಳಿ ಗಬ್ಬು! ಬಾನಿ ನೋಡ್ರಿ, ಪಾಚಿ! ನಾನ್ ಓಗಿದ್ದೆ ತಡ, ಮನೆ ತಿಪ್ಪೆ ಮಾಡ್ಬುಟ್ಟವ್ಳಲ್ಲ." ಆವತ್ತೇ ಅಟ್ಟದಿಂದ ಡಬ್ಬ ಇಳಿಯಿತು. ಮೂರೂ ಬಾನಿ ಹಾಲಿನ ಹಾಗೆ ಬೆಳ್ಳಗಾದವು.

ಮಾರನೆಯ ಬೆಳಿಗ್ಗೆ ತೌಡು ಉಬ್ಬಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಪುಡಿ ಹಳತಾಯಿತೇನೋ ಅಂತ ಶಿವನಂಜಯ್ಯ ಸಾಲ ಮಾಡಿ ಹೊಸ ಪೊಟ್ಟಣ ತಂದ, ಅದಕ್ಕೂ ಉಬ್ಬಲಿಲ್ಲ. ಗುರುಬಸಮ್ಮ ಬಾನಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಬೆರಳಿಂದ ಗೋಡೆ ಸವರಿದಳು. ಬೆರಳ ತುದಿಗೆ ಬಿಳೀ ಪುಡಿ ಹತ್ತಿತು. ಮೂಸಿದಳು. ಹುಳಮನೆ ವಾಸನೆ. "ಮೂವತ್ ವರ್ಸ ಕ್ರಿಮಿ ಸಾಯ್ಸಿ ಅನ್ನ ತಿಂದಿವಿ," ಅಂತ ಅತ್ತೆ ಅಂದದ್ದು ನೆನಪಾಯಿತು. ಮುನ್ನೂರೈವತ್ತು ಕೊಟ್ಟು ಜೀವ ತರುವುದು, ಎಂಟಾಣೆಯ ಪುಡಿಯಲ್ಲಿ ಅದನ್ನು ಕೊಲ್ಲುವುದು, ಇಷ್ಟು ದಿನವೂ ಮನೆಯಲ್ಲಿ ನಡೆದದ್ದು ಇದೇ ತಾನೆ!

ಅತ್ತೆಗೆ ನೇರ ಹೇಳುವ ಧೈರ್ಯ ಬರಲಿಲ್ಲ. ಗಂಡನನ್ನು ಗುಂಡಿಯ ಬದುವಿಗೆ ಕರೆದು ಎಲ್ಲ ಬಿಡಿಸಿ ಹೇಳಿದಳು. "ಮೆಲ್ಲಗೆ ಯೋಳಿ. ಅವರು ಒಬ್ರೇ ಇರುವಾಗ ಯೋಳಿ. ಬಾನಿ ನಾನೇ ತೊಳ್ಕತೀನಿ, ನಿಮಗೆ ಮಂಡಿ ನೋವು ಅಂತ ನೆಪ ತಗ್ದು ಯೋಳಿ."

"ನಂಗೊತ್ತಿಲ್ವಾ? ನಮ್ಮವ್ವನ ಕುಟೆ ಎಂಗ್ ಮಾತಾಡದು ಅಂತ," ಅಂದ ಶಿವನಂಜಯ್ಯ.

ಎಷ್ಟು ಗೊತ್ತಿತ್ತು ಅಂದರೆ, ಆ ಭಾನುವಾರ ಎಲ್ಲರೂ ಊಟಕ್ಕೆ ಕೂತಿದ್ದಾಗ, ನಟರಾಜು ಮತ್ತೆ ಕಬ್ಬಿನ ಮಾತೆತ್ತಿದ ಕೂಡಲೇ ಬಾಯಿ ಬಿಟ್ಟೇಬಿಟ್ಟ.

"ನಮ್ಮ ಪುಡಿ ಸರ್ಯಾಗೇ ಅದೆ ಕಣ್ಲಾ! ಅವ್ವ ಅನೂರಲ್ಲಿದ್ದಾಗ ಉಬ್ತು, ಅವ್ವ ಬಂದ್ಲು, ನಿಂತೋಯ್ತು. ಅವ್ವನ ಕೈ ಬಿದ್ರೆ ಆಯ್ತು, ಎಲ್ಲ ಸತ್ತೋಯ್ತದ!"

ಕೆಂಪಾಜಮ್ಮ ತುತ್ತನ್ನು ತಟ್ಟೆಯಲ್ಲೇ ಇಟ್ಟಳು.

"ಏನಂದೆ? ನನ್ ಕೈಗುಣ ಕೆಟ್ಟದು ಅಂದ್ಯಾ? ಊರೋರೆಲ್ಲ ಕರ್ಕಂಡೋಗಿ ಸೊಪ್ಪು ಆಕ್ಸ್ಕತಿದ್ದ ಕೈ ಕಣ್ಲಾ ಇದು!"

"ಕೈಗುಣ ಅಲ್ಲ ಅತ್ತೆ!" ಗುರುಬಸಮ್ಮ ಅಡುಗೆಮನೆಯಿಂದ ಓಡಿ ಬಂದಳು. "ಇವ್ರಿಗೆ ಯೋಳಕ್ ಬರ್ನಿಲ್ಲ. ನಿಮ್ ಕೈ ಅಲ್ಲ, ಬ್ಲೀಚಿಂಗು. ಬಾನೀಲಿ ಉಳ್ಕಂಡಿರೋ ಬ್ಲೀಚಿಂಗು ಆ ಪುಡಿಯ ಸಾಯಿಸ್ತದೆ. ಅಷ್ಟೇ ಕಣತ್ತೆ."

ಕೆಂಪಾಜಮ್ಮ ಸೊಸೆಯನ್ನೇ ನೋಡಿದಳು. ಕೂಗುತ್ತಾಳೆ ಅಂತ ಎಲ್ಲರೂ ಕಾದರು. ಅವಳ ದನಿ ತಗ್ಗಿ ಬಂತು.

"ಕೈಗುಣ ಓಯ್ತು ಅಂದಿದ್ರೆ ಒಪ್ಕತಿದ್ದೆ ಕಣಮ್ಮಿ. ವಯಸ್ಸಾಯ್ತು, ಓಯ್ತು, ಅಂದ್ಕತಿದ್ದೆ. ನೀನು ನಾನ್ ಕಲ್ತ ವಿದ್ಯೆನೇ ತಪ್ಪು ಅಂತೀಯಲ್ಲ."

ನಟರಾಜುಗೆ ಅಷ್ಟು ಸಾಕಾಯಿತು. "ಅತ್ಗೆ, ನಿಮ್ ಕೈಲಾಗ್ನಿಲ್ಲ ಅಂತ ಅವ್ವನ ಮ್ಯಾಲೆ ಆಕ್ತೀರಾ? ಮನೆ ಕಸ ಗುಡ್ಸಿ, ಬಾನಿ ತೊಳ್ದು ಕೊಟ್ಟೋರಿಗೆ ಇದಾ ಮರ್ಯಾದೆ?"

"ನಾನ್ ಇದ್ದದ್ದ ಯೋಳ್ದೆ."

"ಸಾಕು ಸುಮ್ಕಿರಿ," ಅಂದರು ಪುಟ್ಟಸಿದ್ದಯ್ಯ. ಅವರ ಕಣ್ಣಲ್ಲೂ ಮಗನ ಮಾತೇ ಇತ್ತು. ಕೆಂಪಾಜಮ್ಮ ಉಣ್ಣದೆ ಎದ್ದುಹೋದಳು.

ಆಮೇಲಿನ ವಾರಗಳು ಹೇಗೆ ಕಳೆದವು ಅಂತ ಗುರುಬಸಮ್ಮನನ್ನೇ ಕೇಳಬೇಕು. ಕೆಂಪಾಜಮ್ಮ ಬಾನಿ ಮುಟ್ಟಲಿಲ್ಲ, ಗುಂಡಿಯ ಕಡೆ ತಲೆ ಹಾಕಲಿಲ್ಲ, ಸೊಸೆ ಬಡಿಸಿದ್ದನ್ನು ಜಗಲಿಗೆ ತೆಗೆದುಕೊಂಡು ಹೋಗಿ ಗೋಡೆಗೆ ಮುಖ ಮಾಡಿ ಉಂಡಳು. ಬೈದಿದ್ದರೆ ವಾಸಿಯಿತ್ತು. ಮನೆಯಲ್ಲಿ ಯಾರು ಯಾರೊಂದಿಗೆ ಮಾತಾಡಿದರೂ ಪಿಸುಮಾತಿನಲ್ಲೇ. ತೌಡು ಮಾತ್ರ ದಿನಾ ಬೆಳಿಗ್ಗೆ ಉಬ್ಬುತ್ತಿತ್ತು. ಅದನ್ನು ಕಂಡು ಹಿಗ್ಗುವುದಕ್ಕೂ ಅವಳಿಗೆ ನಾಚಿಕೆಯಾಗುತ್ತಿತ್ತು.

ಆದರೆ ಕಳೆದುಹೋದ ದಿನಗಳನ್ನು ಮರಿ ತಿಂದು ತುಂಬಿಸಲಾದೀತೇ? ಲೊಕ್ಕನಹಳ್ಳಿಯ ಕೆರೆ ಗುತ್ತಿಗೆ ಹಿಡಿದಿದ್ದ ಮಾದಣ್ಣ ಮಾತು ಕೊಟ್ಟ ದಿನಕ್ಕೆ ಕ್ಯಾನು ಹೇರಿಕೊಂಡು ಬಂದ. ಮರಿಯನ್ನು ಅಂಗೈ ಮೇಲೆ ಹಾಕಿಕೊಂಡು ಬೆರಳಿಗೆ ಹಿಡಿದು ನೋಡಿದ. "ಅವ್ವಾ, ಇವು ಇನ್ನೂ ಅರ್ಧ ಬೆರಳವೆ. ಕೆರೇಲಿ ದೊಡ್ ಮೀನು ಒಂದೇ ತುತ್ತಿಗೆ ನುಂಗ್ಬುಡ್ತವೆ. ಬೆಳ್ದಿರವ ಮಾತ್ರ ತಕತೀನಿ." ಮೂರರಲ್ಲಿ ಒಂದು ಪಾಲೂ ಅವನು ಒಯ್ಯಲಿಲ್ಲ. ಬಂದ ದುಡ್ಡಿನಲ್ಲಿ ಹಿಂಡಿ, ಪುಡಿ, ಮಾರಿದ ರಾಗಿ ಎಲ್ಲ ಕಳೆದರೆ ಕೈಗೆ ಮಿಕ್ಕದ್ದು ಸೊನ್ನೆ.

"ಇನ್ನೊಂದ್ ತಿಂಗ್ಳು ಬುಡಿ ಮಾವ," ಅಂತ ಗುರುಬಸಮ್ಮ ಅಂಗಲಾಚಿದಳು. "ಈಗ ಸರ್ಯಾಗವೆ. ಅರ್ಧ ಪುಡೀಲೇ ಉಬ್ತದೆ, ಮೂಟೆ ಜಾಸ್ತಿ ದಿನ ಬತ್ತದೆ, ನೀವೇ ನೋಡಿದ್ರಿ."

"ನಾನ್ ನೋಡಿದ್ದು ಮನೇಲಿ ಎದ್ದ ಜಗಳವ. ನಲವತ್ ವರ್ಸ ಸಂಸಾರ ಮಾಡ್ದೋಳು ಗ್ವಾಡೆ ನೋಡ್ಕಂಡು ಉಣ್ತಾವ್ಳ. ಈ ಗುಂಡಿ ಇರೋ ಗಂಟ ಅದು ಸರ್ಯಾಗಲ್ಲ. ಮುಚ್ಚದೇ ಸೈ."

ಆಯುಧಪೂಜೆಯ ಮಾರನೆಯ ದಿನ ನಟರಾಜು ಟ್ರ್ಯಾಕ್ಟರ್ ಕರೆತಂದ. ಕುಂಕುಮ ಬಳಿದುಕೊಂಡು, ಚೆಂಡುಹೂವಿನ ಹಾರ ಹಾಕಿಕೊಂಡು ಗುಡುಗುಡು ಅಂತ ಬಂತು ಅದು. ಹೊಸದಾಗಿ ಪೂಜೆಯಾದ ಗಾಡಿಗೆ ಮೊದಲ ಕೆಲಸ ಗುಂಡಿ ಮುಚ್ಚುವುದು. ಪುಟ್ಟಸಿದ್ದಯ್ಯ ಬದುವಿನ ಮೇಲೆ ನಿಂತಿದ್ದರು. ಶಿವನಂಜಯ್ಯ ಬೀಡಿ ಹಚ್ಚಿ ಹಚ್ಚಿ ಎಸೆಯುತ್ತಿದ್ದ. ಗುರುಬಸಮ್ಮ ಮೊಣಕಾಲು ಮಟ್ಟ ನೀರಿನಲ್ಲಿ ನಿಂತು, ಉಳಿದ ಮರಿಗಳನ್ನು ನಾಲೆಗಾದರೂ ಬಿಡೋಣ ಅಂತ ಬಲೆ ಎಳೆಯುತ್ತಿದ್ದಳು.

"ಅತ್ಗೆ, ಮ್ಯಾಕ್ ಬನ್ನಿ. ಒತ್ತಾಯ್ತದೆ."

"ಇರೀ, ಜೀವ ಇರೋ ವಸ್ತು. ಮಣ್ಣಾಕಿ ಸಾಯಿಸ್ತೀರಾ?"

ಡ್ರೈವರ್ ಇಂಜಿನ್ ಜೋರು ಮಾಡಿದ. ಅಷ್ಟರಲ್ಲಿ ಮನೆಯ ಕಡೆಯಿಂದ ಕೆಂಪಾಜಮ್ಮ ಬರುವುದು ಕಾಣಿಸಿತು. ಮಂಡಿ ನೋವಿಗೆ ಒಂದೊಂದು ಹೆಜ್ಜೆಗೂ ವಾಲುತ್ತಿದ್ದಳು. ತಲೆಯ ಮೇಲೆ ಬುಟ್ಟಿ. ನೇರ ಬಂದವಳೇ ಟ್ರ್ಯಾಕ್ಟರಿನ ಮುಂದೆ ನಿಂತಳು.

"ನಿಲ್ಸಪ್ಪ ನಿನ್ ಗಾಡಿಯ. ಮಾತು ಕೇಳಿಸ್ತಿಲ್ಲ."

ಇಂಜಿನ್ ನಿಂತಿತು. ಬುಟ್ಟಿಯಿಂದ ಎರಡು ಪಾತ್ರೆ ತೆಗೆದು ಬದುವಿನ ಮೇಲೆ ಇಟ್ಟಳು. ಒಂದರ ಮುಚ್ಚಳವನ್ನು ಹಿಟ್ಟೇ ಎತ್ತಿಬಿಟ್ಟಿತ್ತು. ಇನ್ನೊಂದರಲ್ಲಿ ಹಿಟ್ಟು ತಳದಲ್ಲಿ ಚಪ್ಪಟೆಯಾಗಿ ಕೂತಿತ್ತು.

"ಏನಮ್ಮಿ ಇದು?" ಅಂದರು ಪುಟ್ಟಸಿದ್ದಯ್ಯ.

"ದೋಸೆ ಇಟ್ಟು. ಒಂದೇ ಅಕ್ಕಿ, ಒಂದೇ ಉದ್ದು, ರುಬ್ಬಿದ್ದೂ ನಾನೇ, ಒಂದೇ ಕೈ. ಈ ಪಾತ್ರೆಯ ಬರೀ ನೀರಲ್ಲಿ ತೊಳ್ದೆ. ಇದ್ನ ಮೀನಿನ ಬಾನಿ ತೊಳ್ದಂಗೆ ತೊಳ್ದೆ, ಬ್ಲೀಚಿಂಗ್ ಆಕಿ, ಒಣಗ್ಸಿ. ಒಂದ್ ದಿನ ಅಲ್ಲ, ನಾಕ್ ದಪ ಮಾಡ್ದೆ. ನಾಕ್ ದಪನೂ ಇಂಗೇ ಆಯ್ತು."

ನಟರಾಜು ಬಗ್ಗಿ ನೋಡಿದ. "ಅವ್ವ, ನೀನ್ಯಾಕೆ ಇದ್ನೆಲ್ಲ..."

"ನೀನ್ ಸುಮ್ಕಿರ್ಲಾ. ನಾನೆಲ್ಲಿ ತಪ್ದೆ ಅಂತ ನಂಗೆ ಗೊತ್ತಾಗ್ಬೇಕಿತ್ತು, ಮಾಡ್ದೆ." ಅವಳು ಗಂಡನ ಕಡೆ ತಿರುಗಿದಳು. "ನಿಮ್ ಸೊಸೆ ಯೋಳಿದ್ದು ದಿಟ. ದಿನಾ ಬಾನಿ ತೊಳ್ದು ಅವಳ ಪುಡಿಯ ಸಾಯ್ಸಿದ್ದು ನಾನೇ. ಮರಿ ಬೆಳೀದೆ ಇದ್ದುದ್ದೂ ಅದಕ್ಕೆ. ಮೂವತ್ ವರ್ಸ ಸರಿ ಅಂದ್ಕಂಡಿದ್ದು ಉಳಕ್ಕೆ ಸರಿ, ಇಲ್ಲಿಗೆ ಸರಿಯಲ್ಲ. ನನ್ ತಪ್ಪಿಗೆ ಅವಳ ಗುಂಡಿ ಮುಚ್ಬ್ಯಾಡಿ."

ಅವಳ ಗುಂಡಿ. ಗುರುಬಸಮ್ಮ ನೀರಿನಲ್ಲಿ ನಿಂತಲ್ಲೇ ನಿಂತಳು. ಆ ಮನೆಯಲ್ಲಿ ಯಾವುದನ್ನೂ ಯಾರೂ ಅವಳದು ಅಂತ ಅಂದಿರಲಿಲ್ಲ. ಅತ್ತೆ ಸೋತು ಒಪ್ಪಿಕೊಳ್ಳಬೇಕು ಅಂತ ಎಷ್ಟು ವಾರ ಒಳಗೊಳಗೇ ಕುದಿದಿದ್ದಳು. ಈಗ ಪರರ ಮುಂದೆ, ಡ್ರೈವರಿನ ಮುಂದೆ, ಆ ಮುದುಕಿ ಹಾಗೆ ನಿಂತದ್ದನ್ನು ಅವಳಿಗೆ ನೋಡಲಾಗಲಿಲ್ಲ.

ಪುಟ್ಟಸಿದ್ದಯ್ಯ ಎರಡೂ ಪಾತ್ರೆಯನ್ನು ನೋಡಿದರು, ಹೆಂಡತಿಯ ಮುಖ ನೋಡಿದರು, ಟವೆಲಿನಿಂದ ಮೂಗು ಒರೆಸಿಕೊಂಡರು. "ಗಾಡಿ ವಾಪಸ್ ತಕಂಡೋಗಪ್ಪ," ಅಂದರು.

"ಅಪ್ಪ! ಬಾಡ್ಗೆ ಮಾತಾಡಿವ್ನಿ."

"ಮಾತಾಡ್ದೋನು ನೀನೇ ಕೊಡು. ಇನ್ನೊಂದ್ ದಪ ಮರಿ ಆಕ್ಲಿ. ನೋಡುಮ."

ನಟರಾಜು ಗೊಣಗುತ್ತ ಡ್ರೈವರನ ಹಿಂದೆ ಹೋದ. ಗಾಡಿ ಹೊರಟ ಮೇಲೆ ಕೆಂಪಾಜಮ್ಮ ಬದುವಿನ ಮೇಲೆ ಕಾಲು ಚಾಚಿ ಕೂತು ಮಂಡಿ ನೀವಿಕೊಂಡಳು. ಗುರುಬಸಮ್ಮ ಬಲೆ ಬಿಟ್ಟು, ಒದ್ದೆ ಸೀರೆಯಲ್ಲೇ ಬಂದು ಅವಳ ಪಕ್ಕ ನಿಂತಳು.

"ಕೂತ್ಕ ಬಾ," ಅಂದಳು ಅತ್ತೆ, ಗುಂಡಿಯ ನೀರನ್ನೇ ನೋಡುತ್ತ. "ನಿಂಗೆ ಬಾನಿ ತೊಳ್ಯಾಕೂ ಪುರಸೊತ್ತಿಲ್ಲ ಅಂತ ನಂಗೊತ್ತು. ನಾನೇ ತೊಳೀತೀನಿ. ಎಂಗ್ ತೊಳೀಬೇಕು ಯೋಳ್ಕೊಡು."

ಊರಿಗೆಲ್ಲ ತೊಳೆಯುವುದನ್ನು ಕಲಿಸಿದವಳು ಕೇಳುತ್ತಿದ್ದಳು. ಗುರುಬಸಮ್ಮ ಅತ್ತೆಯ ಪಕ್ಕದಲ್ಲಿ ಕುಸಿದು ಕೂತು, ಅವಳ ಸೆರಗನ್ನೇ ಮುಖಕ್ಕೆ ಹಿಡಿದುಕೊಂಡು ಅತ್ತುಬಿಟ್ಟಳು.